ಸೆಕೆಗಾಲದಲ್ಲಿ ಎಲೆಯೊಳಗೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಈ ಸೆಕೆಯಲ್ಲಿ, ಫ್ಯಾನಿನ ಕೆಳಗಿನ ಜಾಗ ಹುಡುಕಿ ಹುಡುಕಿ ಕೂತಿದ್ದೀರಿ. ಜಾಸ್ತಿ ಎಳೆಯುವುದಿಲ್ಲ.

ಊಟವಾಗಿ ಕೈ ತೊಳೆಯಲು ಹಿಂದಿನ ಅಂಗಳಕ್ಕೆ ಹೋದಾಗ ಅಲ್ಲೊಂದು ಬಾಳೆ ನೋಡಿದೆ. ಎಲೆಯ ಎರಡೂ ಬದಿ ನಡುದಿಂಡಿನಿಂದ ಕೆಳಕ್ಕೆ ಮಡಚಿ, ಮನೆಯ ಮಾಡಿನ ಹಾಗೆ ಇಳಿದಿತ್ತು. ನೀರಿಲ್ಲದೆ ಸೊರಗಿದ್ದಲ್ಲ, ಬುಡದಲ್ಲಿ ಕೈ ತೊಳೆದ ನೀರು ಹರಿಯುತ್ತಲೇ ಇತ್ತು. ಬಿಸಿಲು ನೆತ್ತಿಗೆ ಬಂದಾಗ ಬಾಳೆ ಹೀಗೆ ಮಡಚುತ್ತದೆ, ಬಿಸಿಲು ಇಳಿದ ಮೇಲೆ ಬಿಡಿಸಿಕೊಳ್ಳುತ್ತದೆ. ನೇರ ಬಿಸಿಲಿಗೆ ಮೈ ಕೊಡದಿರುವ ಉಪಾಯ. ಎಲೆಯನ್ನು ಮುಟ್ಟಿ ನೋಡಿದೆ, ಪಕ್ಕದ ಮುರಕಲ್ಲಿನ ಕಟ್ಟೆಯನ್ನೂ ಮುಟ್ಟಿದೆ. ಕಲ್ಲಿನ ಮೇಲಿಟ್ಟ ಕೈ ತಕ್ಷಣ ಹಿಂದೆ ಬಂತು. ಎಲೆ ತಣ್ಣಗಿತ್ತು ಅಂತ ಹೇಳಲಾರೆ, ಆದರೆ ಕೈ ಇಟ್ಟುಕೊಳ್ಳಬಹುದಿತ್ತು.

ಬಿಸಿಲು ಒಂದೇ. ಆದರೆ ಎಲೆ ಬೆವರುತ್ತದೆ. ಒಂದು ಗ್ರಾಂ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲರಿ ಸಾಕು. ಅದೇ ಒಂದು ಗ್ರಾಂ ನೀರು ಎಲೆಯಿಂದ ಆವಿಯಾಗುವಾಗ ಸುಮಾರು 580 ಕ್ಯಾಲರಿ ಹೊತ್ತುಕೊಂಡು ಹೋಗುತ್ತದೆ. ನಮ್ಮ ಕರಾವಳಿಯ ತಾಪತ್ರಯ ಇರುವುದೇ ಇಲ್ಲಿ. ಗಾಳಿಯಲ್ಲಿ ಆಗಲೇ ತೇವ ತುಂಬಿದೆ. ನಮ್ಮ ಬೆವರು ಆರುವುದಿಲ್ಲ, ಎಲೆಯದೂ ಬೇಗ ಆರುವುದಿಲ್ಲ. ಬಳ್ಳಾರಿಯ ಬಿಸಿಲಿನ ಸುದ್ದಿ ಓದಿ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ, ಅಲ್ವಾ? ಎಲೆ ಪೇಪರು ಓದುವುದಿಲ್ಲ. ಅದಕ್ಕೆ ಲೆಕ್ಕ ತನ್ನ ಮೈಯ ಬಿಸಿ ಮಾತ್ರ.

ಮೈ ಬಿಸಿಯಾದರೆ ಒಳಗೆ ಕೆಡುವುದು ಏನು? ಎಲೆಯೊಳಗೆ ರುಬಿಸ್ಕೊ ಅಂತ ಒಂದು ಕಿಣ್ವ ಇದೆ. ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಾಕುವುದು ಅದೇ. ಭಾರೀ ನಿಧಾನಿ. ಸೆಕೆಂಡಿಗೆ ಮೂರರಿಂದ ಹತ್ತು ಸಲ, ಅಷ್ಟೇ. ಸಾಲದ್ದಕ್ಕೆ ಆಳು ಗುರುತಿಸುವುದರಲ್ಲೂ ಎಡವಟ್ಟು. 25 ಡಿಗ್ರಿಯಲ್ಲೇ ನಾಲ್ಕೈದು ಸಲಕ್ಕೊಮ್ಮೆ ಆಮ್ಲಜನಕವನ್ನು ಹಿಡಿಯುತ್ತದೆ. ಬಿಸಿ ಏರಿದ ಹಾಗೆ ಈ ತಪ್ಪು ಜಾಸ್ತಿ. ತಿದ್ದುವ ಖರ್ಚು ಎಲೆಯ ಗಂಟಿನಿಂದಲೇ.

ಹಾಗಾದರೆ ಸೆಕೆಗೆ ಹಾಳಾಗುವುದು ರುಬಿಸ್ಕೊ ಅಂತ ನಾನೂ ಬಹಳ ಕಾಲ ಮಕ್ಕಳಿಗೆ ಪಾಠ ಮಾಡಿದ್ದೆ. ತಪ್ಪು ಪಾಠ. ರುಬಿಸ್ಕೊ ಗಟ್ಟಿ ಆಸಾಮಿ, 50 ಡಿಗ್ರಿಗೂ ಜಗ್ಗುವುದಿಲ್ಲ. ಸೋಲುವುದು ಅದರ ಸಹಾಯಕ, ಆಕ್ಟಿವೇಸ್. ರುಬಿಸ್ಕೊದ ಬಾಯಿಯಲ್ಲಿ ಆಗಾಗ ಕೆಲಸಕ್ಕೆ ಬಾರದ ಸಕ್ಕರೆಯ ಅಣು ಸಿಕ್ಕಿಹಾಕಿಕೊಳ್ಳುತ್ತದೆ, ಅಡಿಕೆ ಸುಲಿಯುವ ಯಂತ್ರಕ್ಕೆ ನಾರು ಸುತ್ತಿಕೊಂಡ ಹಾಗೆ. ಅದನ್ನು ಬಿಡಿಸುವುದು ಆಕ್ಟಿವೇಸಿನ ಕೆಲಸ. ಎಷ್ಟೋ ಗಿಡಗಳಲ್ಲಿ 35–40 ಡಿಗ್ರಿಯ ಹೊತ್ತಿಗೆ ಅದು ಕೈಚೆಲ್ಲುತ್ತದೆ. ಯಂತ್ರ ಸರಿ ಇದೆ, ನಾರು ಬಿಡಿಸುವವನು ಮಲಗಿದ್ದಾನೆ. ಆದರೆ ಹತ್ತಿ ಗಿಡ ಬಿಸಿ ತಾಗಿದಾಗ ಈ ಸಹಾಯಕನ ಇನ್ನೊಂದು ರೂಪವನ್ನೇ ತಯಾರಿಸಿಕೊಳ್ಳುವುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಇಂಥ ತಯಾರಿಗೆ ಹೊತ್ತು ಬೇಕು. ನನಗೆ ಅದನ್ನು ಕಲಿಸಿದ್ದು ಕಾಳುಮೆಣಸು. ಒಂದು ವರ್ಷ ಕಂಗಿನ ನೆರಳಲ್ಲಿ ಬೇರು ಬರಿಸಿದ ಐವತ್ತು ಬಳ್ಳಿಗಳನ್ನು ಒಂದೇ ದಿನ ಪಾದೆಯ ಬದಿಗೆ ತಂದಿಟ್ಟೆ. ಮೂರೇ ದಿನ. ಎಲೆ ಎಲೆಯಲ್ಲೂ ಕಾಗದ ಸುಟ್ಟಂಥ ಕಂದು ಕಲೆ. ಮನೆಯವಳು ಏನೂ ಹೇಳಲಿಲ್ಲ, ಸುಮ್ನೆ ನೋಡಿದಳು. ಮರುವರ್ಷ ದಿನಕ್ಕೆ ಒಂದು ಗಂಟೆ, ಆಮೇಲೆ ಎರಡು ಗಂಟೆ ಅಂತ ಬಿಸಿಲಿಗೆ ಇಟ್ಟೆ. ಹೆಚ್ಚಿನವು ಉಳಿದವು. ಬಿಸಿ ಸ್ವಲ್ಪ ಸ್ವಲ್ಪವೇ ತಾಗಿದರೆ ಜೀವಕೋಶ ಕಾವಲಿನ ಪ್ರೋಟೀನುಗಳನ್ನು ಮಾಡಿಟ್ಟುಕೊಳ್ಳುತ್ತದೆ. ಉಳಿದ ಪ್ರೋಟೀನುಗಳು ಬಿಚ್ಚಿ ಮುದ್ದೆಯಾಗದ ಹಾಗೆ ಅವು ಹಿಡಿದು ನಿಲ್ಲಿಸುತ್ತವೆ.

ಜೋಳ, ಕಬ್ಬಿನದು ಬೇರೆಯೇ ದಾರಿ. ಇನ್ನೊಂದು ಕಿಣ್ವದಿಂದ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ತಂದು ರುಬಿಸ್ಕೊದ ಸುತ್ತ ತುಂಬಿಸುತ್ತವೆ. ಆಮ್ಲಜನಕ ನುಗ್ಗಲು ಎಡೆ ಕಡಿಮೆ.

ನನಗೆ ಹೆಚ್ಚು ಇಷ್ಟ ಕಾಡುಬಸಳೆಯದು. ಬೆಂಜಮಿನ್ ಹೈನೆ ಅಂತ ಒಬ್ಬರು ಸಸ್ಯಶಾಸ್ತ್ರಜ್ಞರು ಮದರಾಸು ಸೀಮೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದರು. ಅದರ ಎಲೆಯನ್ನು ಹೊತ್ತು ಹೊತ್ತಿಗೆ ಜಗಿದು ನೋಡಿದರು. ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ. ಅವರ ಬರಹ 1815ರಲ್ಲಿ ಅಚ್ಚಾಯಿತು. ಗುಟ್ಟು ಇಷ್ಟೇ: ಈ ಗಿಡ ಬಿಸಿಲಲ್ಲಿ ಎಲೆಯ ಬಾಯಿ, ಅಂದರೆ ಗಾಳಿ ಹೋಗಿಬರುವ ಸಣ್ಣ ರಂಧ್ರಗಳನ್ನು, ಮುಚ್ಚಿಕೊಂಡು, ರಾತ್ರಿ ತೆರೆಯುತ್ತದೆ. ರಾತ್ರಿ ಹಿಡಿದ ಗಾಳಿಯನ್ನು ಹುಳಿಯಾಗಿ ಕೂಡಿಟ್ಟು ಹಗಲು ಖರ್ಚು ಮಾಡುತ್ತದೆ. ಅನಾನಸಿನದೂ ಇದೇ ಸಂಸಾರ. ನಾಳೆ ಬೆಳಗ್ಗೆ ಕಾಡುಬಸಳೆಯ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ನುಂಗಬೇಡಿ, ಉಗಿಯಿರಿ.

ಪ್ರಶ್ನೆ ಇದ್ದರೆ ಈಗ ಕೇಳಬಹುದು. ಅಡಿಕೆಯ ಹಳದಿ ಎಲೆ ರೋಗದ್ದು ಮಾತ್ರ ಬೇಡ. ಅದನ್ನು ತೆಗೆದರೆ ಯಾರಿಗೂ ಕೊನೆಯ ಬಸ್ಸು ಸಿಗುವುದಿಲ್ಲ.