ಸರ್ಜರಿ ಸೀಟು: ಕೈ ಪಳಗುವ ಜಾಗ ಯಾವುದು?

ಕೇಳುಗರಿಗೆ ನಮಸ್ಕಾರ.

ಎಂಬಿಬಿಎಸ್ ಮುಗಿಸಿ, ನೀಟ್ ಪಿಜಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆದು, ಜನರಲ್ ಸರ್ಜರಿಯನ್ನೇ ಓದಬೇಕೆಂದು ಮನಸ್ಸು ಮಾಡಿರುವ ನಮ್ಮ ಜಿಲ್ಲೆಯ ಯುವ ವೈದ್ಯರಿಗೂ ಅವರ ಮನೆಯವರಿಗೂ ಇಂದಿನ ಈ ಮಾತು. ಕಾರವಾರ, ಕುಮಟಾ, ಶಿರಸಿ ಕಡೆಯವರ ಕಣ್ಣಿಗೆ ಮೊದಲು ಬೀಳುವುದು ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಮಣಿಪಾಲ, ಮಂಗಳೂರು, ಗಡಿಯಾಚೆ ಗೋವಾದ ಬಾಂಬೋಳಿ, ಈ ಊರುಗಳ ವೈದ್ಯಕೀಯ ಕಾಲೇಜುಗಳು. ಎಲ್ಲಿ ಸೇರಿದರೂ ಮೂರೇ ವರ್ಷ, ಎಲ್ಲಿ ಮುಗಿಸಿದರೂ ಎಂ.ಎಸ್. ಪದವಿಯೇ. ಆದರೆ ಓದು ಮುಗಿಸಿ ಬಂದವರಲ್ಲಿ ಒಬ್ಬರು ತಾಲ್ಲೂಕು ಆಸ್ಪತ್ರೆಯಲ್ಲಿ ಮಧ್ಯರಾತ್ರಿ ಹೊಟ್ಟೆ ತೆರೆದು ರೋಗಿಯನ್ನು ಉಳಿಸುತ್ತಾರೆ, ಇನ್ನೊಬ್ಬರು ಅದೇ ರೋಗಿಯನ್ನು ಆಂಬುಲೆನ್ಸ್ ಹತ್ತಿಸಿ ಕಳಿಸುತ್ತಾರೆ. ಓದಿನಲ್ಲಿ ಇಬ್ಬರೂ ಸಮ, ಕೈ ಪಳಗಿದ್ದು ಒಬ್ಬರದು ಮಾತ್ರ. ದೊಡ್ಡ ಆಸ್ಪತ್ರೆಗಾಗಿ ಜಿಲ್ಲೆಯಿಂದ ಹೊರಗೆ ಗಂಟೆಗಟ್ಟಲೆ ಹೋಗಬೇಕಾದ ನಮ್ಮಲ್ಲಿ ಈ ವ್ಯತ್ಯಾಸಕ್ಕೆ ಜೀವದ ಬೆಲೆಯಿದೆ.

ಆದ್ದರಿಂದ ಕಾಲೇಜಿನ ಹೆಸರಿಗೆ ಮರುಳಾಗುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಆ ಆಸ್ಪತ್ರೆಗೆ ಹೋಗಿ ಬನ್ನಿ. ಪ್ರೊಫೆಸರರ ಕೊಠಡಿಗಿಂತ ಮೊದಲು ಎರಡನೇ ವರ್ಷದ ಪಿಜಿಗಳನ್ನು, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು, ಹುಡುಕಿ. ಮೊದಲ ವರ್ಷದವರಿಗೆ ಇನ್ನೂ ಪೂರ್ತಿ ತಿಳಿದಿರುವುದಿಲ್ಲ, ಕೊನೆಯ ವರ್ಷದವರು ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ. ಹಿಂದಿನ ತಿಂಗಳು ಕೆಲಸದ ದಾಖಲೆಯಾದ ಲಾಗ್‌ಬುಕ್‌ನಲ್ಲಿ ಏನೇನು ಬರೆದಿರಿ ಎಂದು ಈ ಎರಡನೇ ವರ್ಷದವರನ್ನು ಕೇಳಿ. ನೋಡಿದ್ದು, ಸಹಾಯ ಮಾಡಿದ್ದು, ಹಿರಿಯರ ಎದುರಲ್ಲಿ ತಾನೇ ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು, ಹೀಗೆ ಅದನ್ನು ಬಿಡಿಸಿ ಬರೆಯುತ್ತಾರೆ. ಇವುಗಳಲ್ಲಿ ಮೂರನೆಯದಕ್ಕೇ ಹೆಚ್ಚು ತೂಕ. ಬರೀ ನೋಡಿದ್ದೇ ತುಂಬಿದ್ದರೆ ಕಲಿಕೆ ಸಾಲದು. ಹಿರಿಯರಿಲ್ಲದೆ ಮಾಡಿದ್ದೇ ತುಂಬಿದ್ದರೆ ಅಲ್ಲಿ ತಪ್ಪು ತಿದ್ದುವವರಿಲ್ಲ ಎಂದು ಅರ್ಥ, ಅದು ರೋಗಿಗೂ ಅಪಾಯ.

ಸಹಾಯ ಎಂಬ ಮಾತನ್ನೂ ಒರೆಗೆ ಹಚ್ಚಬೇಕು. ತೊಡೆಸಂದಿಯ ಹರ್ನಿಯಾ ಆಪರೇಷನ್ನನ್ನೇ ತೆಗೆದುಕೊಳ್ಳಿ. ಚರ್ಮ ಕೊಯ್ಯಬೇಕು, ಹೊರಗಿನ ಸ್ನಾಯುಪೊರೆ ತೆರೆಯಬೇಕು, ಅಲ್ಲೇ ಹಾದುಹೋಗುವ ನರ ತುಂಡಾಗದಂತೆ ಸರಿಸಬೇಕು, ವೀರ್ಯನಾಳದ ಹುರಿಯಿಂದ ಹರ್ನಿಯಾ ಚೀಲ ಬಿಡಿಸಬೇಕು, ಆಮೇಲೆ ಮೆಶ್ ಎಂಬ ಬಲೆ ಕೂರಿಸಿ ಹೊಲಿಯಬೇಕು. ಒಳ್ಳೆಯ ಯೂನಿಟ್‌ನಲ್ಲಿ (ಹಿರಿಯ ಸರ್ಜನ್ನರ ತಂಡದಲ್ಲಿ) ಮೊದಲ ವರ್ಷ ಕೊಯ್ಯುವುದು, ಮುಚ್ಚುವುದು ಕೈಗೆ ಬರುತ್ತದೆ. ಎರಡನೇ ವರ್ಷ ಚೀಲ ಬಿಡಿಸಲು ಬಿಡುತ್ತಾರೆ. ಮೂರನೇ ವರ್ಷ ಇಡೀ ಆಪರೇಷನ್ ನಿಮ್ಮದು, ಪ್ರೊಫೆಸರರು ಎದುರು ಬದಿಯಲ್ಲಿ ನಿಂತಿರುತ್ತಾರೆ. ಮೂರನೇ ವರ್ಷದಲ್ಲೂ ಗಾಯ ಅಗಲಿಸುವ ರಿಟ್ರ್ಯಾಕ್ಟರ್ ಹಿಡಿದು ಕೊನೆಗೆ ಚರ್ಮ ಹೊಲಿಯುವುದಷ್ಟೇ ಪಾಲಿಗೆ ಬರುವ ಕಡೆಯೂ ಲಾಗ್‌ಬುಕ್‌ನಲ್ಲಿ ಸಹಾಯ ಎಂದೇ ದಾಖಲಾಗುತ್ತದೆ. ಹಾಗಾಗಿ ಯಾವ ಹಂತ ಯಾರ ಕೈಯಲ್ಲಿತ್ತು ಎಂದು ಬಿಡಿಸಿ ಕೇಳಿ.

ಇನ್ನು ಲೆಕ್ಕ. ಒಂದು ಯೂನಿಟ್‌ಗೆ ವಾರಕ್ಕೆ ಎರಡು ಓಟಿ (ಆಪರೇಷನ್ ಥಿಯೇಟರ್) ದಿನ, ದಿನಕ್ಕೆ 5 ಮುಖ್ಯ ಆಪರೇಷನ್ ಎಂದಿಟ್ಟುಕೊಳ್ಳಿ. ವಾರಕ್ಕೆ 10, ವರ್ಷಕ್ಕೆ ಸುಮಾರು 500. ಆ ಯೂನಿಟ್‌ನಲ್ಲಿ ಮೂರೂ ವರ್ಷದವರು ಸೇರಿ 3 ಪಿಜಿಗಳಿದ್ದರೆ ಕೈತುಂಬ ಕೆಲಸ. ಅದೇ 500 ಆಪರೇಷನ್‌ಗಳಿಗೆ 9 ಪಿಜಿಗಳಿದ್ದರೆ ಟೇಬಲ್ ಸುತ್ತ ನಿಲ್ಲಲೂ ಜಾಗ ಸಾಲದು. ಹಾಸಿಗೆ ಎಷ್ಟು, ಕಟ್ಟಡ ಎಷ್ಟು ಮಹಡಿ ಎಂಬುದಕ್ಕಿಂತ ಒಬ್ಬ ಪಿಜಿಗೆ ಎಷ್ಟು ಆಪರೇಷನ್ ಸಿಗುತ್ತದೆ ಎಂಬ ಈ ಭಾಗಾಕಾರ ಮುಖ್ಯ. ಸೀಟು ಹೆಚ್ಚಿಸಿಕೊಂಡ ಕಾಲೇಜುಗಳಲ್ಲಿ ಇದನ್ನು ತಪ್ಪದೆ ಮಾಡಿ ನೋಡಿ.

ಎಮರ್ಜೆನ್ಸಿ ದಿನವನ್ನು ಅಳೆಯಲು ಒಬ್ಬ ರೋಗಿಯ ಉದಾಹರಣೆ ಸಾಕು. ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವೆಂದು ಒಬ್ಬರು ಬರುತ್ತಾರೆ. ಮುಟ್ಟಿದರೆ ಹೊಟ್ಟೆ ಬಿಗಿ, ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ. ಅಲ್ಸರ್ ತೂತಾಗಿದೆ. ಮೂಗಿನಿಂದ ಟ್ಯೂಬ್, ಡ್ರಿಪ್, ಆ್ಯಂಟಿಬಯಾಟಿಕ್, ಮೂತ್ರದ ಕ್ಯಾತಿಟರ್, ರಕ್ತದ ಹೊಂದಾಣಿಕೆ, ಇವೆಲ್ಲ ಆದ ಮೇಲೆ ಓಟಿಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ? ಅರಿವಳಿಕೆ ವೈದ್ಯರು ರಾತ್ರಿ ಆಸ್ಪತ್ರೆಯಲ್ಲೇ ಇರುತ್ತಾರೋ, ಮನೆಯಿಂದ ಬರಬೇಕೋ? ಹೊಟ್ಟೆ ತೆರೆದು, ಒಮೆಂಟಂ ಎಂಬ ಹೊಟ್ಟೆಯೊಳಗಿನ ಕೊಬ್ಬಿನ ಪೊರೆ ಇಟ್ಟು ತೂತು ಮುಚ್ಚಿ, ನೀರು ತಿಳಿಯಾಗುವವರೆಗೆ ಸಲೈನ್‌ನಲ್ಲಿ ತೊಳೆಯುವ ಕೆಲಸ ಎರಡನೇ ವರ್ಷದವರಿಗೆ ಸಿಗುತ್ತದೋ? ಆಗ ಪಿಜಿ ಮುಗಿಸಿದ ಸೀನಿಯರ್ ರೆಸಿಡೆಂಟ್ ಪಕ್ಕದಲ್ಲಿರುತ್ತಾರೋ, ಫೋನಿನಲ್ಲಿರುತ್ತಾರೋ? ಇವಕ್ಕೆಲ್ಲ ಪಿಜಿಗಳು ತಡವರಿಸದೆ ಉತ್ತರ ಕೊಟ್ಟರೆ ಆ ವಿಭಾಗ ನಿಜಕ್ಕೂ ನಡೆಯುತ್ತಿದೆ. ನಾಳೆ ನಿಮ್ಮ ಮುಂದೆ ಬರುವವರೂ ಇಂಥವರೇ: ಅಡಿಕೆ ಮರದಿಂದ ಬಿದ್ದು ಗುಲ್ಮ (ಸ್ಪ್ಲೀನ್) ಒಡೆದ ಕೊನೆಗೌಡ, ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದ ಹುಡುಗ, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತ ಅಜ್ಜಿ. ಎದೆಗೆ ಟ್ಯೂಬ್ ಹಾಕುವುದು, ಗುಲ್ಮ ತೆಗೆಯುವುದು, ಕೊಳೆತ ಭಾಗ ಕತ್ತರಿಸುವುದು ನಿದ್ದೆಗಣ್ಣಲ್ಲೂ ತಪ್ಪದಷ್ಟು ರೂಢಿಯಾಗಿರಬೇಕು.

ಸೂಪರ್ ಸ್ಪೆಷಾಲಿಟಿ ವಿಭಾಗಗಳು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಬಹಳ ಮಂದಿ ನಂಬಿದ್ದಾರೆ. ಅರ್ಧ ಮಾತ್ರ ನಿಜ. ಮುಂದೆ ಎಂ.ಸಿಎಚ್. ಎಂಬ ಸೂಪರ್ ಸ್ಪೆಷಾಲಿಟಿ ಪದವಿ ಓದುವ ಆಸೆಯಿದ್ದವರಿಗೆ ಯುರಾಲಜಿ, ಪ್ಲಾಸ್ಟಿಕ್ ಸರ್ಜರಿ, ಗ್ಯಾಸ್ಟ್ರೋ ಸರ್ಜರಿಗಳನ್ನು ಹತ್ತಿರದಿಂದ ನೋಡುವುದು ಲಾಭವೇ. ಆದರೆ ಅಲ್ಲಿ ಎಂ.ಸಿಎಚ್. ವಿದ್ಯಾರ್ಥಿಗಳೂ ಇದ್ದರೆ ಥೈರಾಯ್ಡ್, ಸ್ತನ, ಕರುಳಿನ ದೊಡ್ಡ ಆಪರೇಷನ್‌ಗಳು ಅವರ ಪಾಲಾಗಿ, ಜನರಲ್ ಸರ್ಜರಿಯವರಿಗೆ ಡ್ರೆಸಿಂಗ್ ಉಳಿಯಬಹುದು. ಊರಿಗೆ ಮರಳಿ ಎಲ್ಲವನ್ನೂ ಮಾಡಬೇಕೆಂದಿರುವವರಿಗೆ ಜನಜಂಗುಳಿಯ ಸರ್ಕಾರಿ ಆಸ್ಪತ್ರೆಯೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಲ್ಯಾಪರೋಸ್ಕೋಪಿ ಮಾತ್ರ ಎಲ್ಲಿದ್ದರೂ ಬೇಕು. ಸೆಟ್ ಎಷ್ಟಿವೆ, ಕೆಟ್ಟರೆ ರಿಪೇರಿಗೆ ಎಷ್ಟು ದಿನ, ಅಭ್ಯಾಸಕ್ಕೆ ಟ್ರೇನರ್ ಪೆಟ್ಟಿಗೆ ಇದೆಯೇ, ಕ್ಯಾಮೆರಾ ಹಿಡಿಯುವುದರಿಂದ ಪಿತ್ತಕೋಶ ಬಿಡಿಸುವವರೆಗೆ ಪಿಜಿಯನ್ನು ಬೆಳೆಸುತ್ತಾರೆಯೇ ಎಂದು ವಿಚಾರಿಸಿ.

ಡಿಎನ್‌ಬಿ ಎಂಬ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪದವಿ ಕೂಡ ಮೂರು ವರ್ಷದ್ದೇ, ಎಂ.ಎಸ್.ಗೆ ಸಮಾನ. ಖಾಸಗಿ ಆಸ್ಪತ್ರೆಯಲ್ಲಾದರೆ ಹಣ ಕೊಟ್ಟ ರೋಗಿ ಹಿರಿಯ ಸರ್ಜನ್ನರೇ ಮಾಡಲಿ ಎಂದು ಬಯಸುವುದು ಸಹಜ. ಅಲ್ಲಿ ಪಿಜಿಗೆ ಏನು ಸಿಗುತ್ತದೆ ಎಂಬುದನ್ನು ಇನ್ನೂ ಖಡಾಖಂಡಿತವಾಗಿ ಕೇಳಿಕೊಳ್ಳಿ.

ಈಗ ಕೌನ್ಸೆಲಿಂಗ್, ಅಂದರೆ ಸೀಟು ಹಂಚಿಕೆ. ಸರ್ಕಾರಿ ಕಾಲೇಜುಗಳ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾ. ಅದನ್ನೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನೂ ದೆಹಲಿಯ ಎಂಸಿಸಿ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಹಂಚುತ್ತದೆ. ರಾಜ್ಯದ ಪಾಲನ್ನು ಹಂಚುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಏಮ್ಸ್, ಜಿಪ್ಮರ್‌ಗಳಿಗೆ ಐಎನ್‌ಐ ಸಿಇಟಿ ಎಂಬ ಬೇರೆ ಪರೀಕ್ಷೆಯಿದೆ. ಆಯ್ಕೆಪಟ್ಟಿ ತುಂಬುವಾಗ ನಿಮ್ಮ ಇಷ್ಟದ ಕ್ರಮವನ್ನೇ ಇಡಿ. ಕೈಗೆಟುಕದೇನೋ ಎಂಬ ಅಳುಕಿನಿಂದ ಬಯಸಿದ ಕಾಲೇಜನ್ನು ಕೆಳಗೆ ತಳ್ಳಬೇಡಿ. ರ‍್ಯಾಂಕ್ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡಿಕೊಂಡು ಬರುತ್ತದೆ, ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ಎಡವುವುದು ಎರಡನೇ ಸುತ್ತಿನಲ್ಲಿ. ಇರುವ ಸೀಟಿಗಿಂತ ಉತ್ತಮವಾದುದು ಬೇಕೆಂದು ಮುಂದುವರಿದವರು, ಪಟ್ಟಿ ಉದ್ದವಾಗಲೆಂದು ಬೇಡದ ಕಾಲೇಜನ್ನೂ ಸೇರಿಸುತ್ತಾರೆ. ಅದು ಸಿಕ್ಕಿಬಿಟ್ಟರೆ ಹಳೆಯ ಸೀಟು ತಾನಾಗಿ ರದ್ದು. ಕೈಯಲ್ಲಿರುವುದಕ್ಕಿಂತ ನಿಜವಾಗಿ ಮೇಲಾದವನ್ನು ಮಾತ್ರ ಬರೆಯಿರಿ. ಬಾಂಡ್, ನಡುವೆ ಬಿಟ್ಟರೆ ದಂಡ, ಠೇವಣಿ ಇವುಗಳ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆ ವರ್ಷದ ಮಾಹಿತಿ ಪುಸ್ತಿಕೆಯನ್ನೇ ಓದಿ, ಹಿಂದಿನ ವರ್ಷದವರ ಮಾತನ್ನು ನೆಚ್ಚಬೇಡಿ.

ಹೆಣ್ಣುಮಕ್ಕಳಿಗೆ ಸರ್ಜರಿ ಯಾಕೆ ಎಂದು ಮನೆಯಲ್ಲಿ ತಡೆಯುವವರಿಗೆ ಒಂದು ಮಾತು. ಸ್ತನದ ಗಂಟನ್ನೂ ಮೂಲವ್ಯಾಧಿಯನ್ನೂ ಗಂಡು ಡಾಕ್ಟರರಿಗೆ ತೋರಿಸಲು ಸಂಕೋಚಪಟ್ಟು ತಿಂಗಳುಗಟ್ಟಲೆ ಮುಚ್ಚಿಡುವ ಹೆಂಗಸರು ನಮ್ಮ ಊರುಗಳಲ್ಲಿದ್ದಾರೆ. ಅವರಿಗಾಗಿ ನಿಮ್ಮ ಮಗಳು ಓದಲಿ. ತಡೆಯುವ ಬದಲು, ಆಸ್ಪತ್ರೆಯಲ್ಲಿ ಮಹಿಳೆಯರಿಗೆ ಪ್ರತ್ಯೇಕ, ಬೀಗವಿರುವ ಡ್ಯೂಟಿ ಕೊಠಡಿ ಇದೆಯೇ ಎಂದು ನೀವೇ ಹೋಗಿ ನೋಡಿ ಬನ್ನಿ.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿ ವರ್ಷಕ್ಕೆ ಕನಿಷ್ಠ 20 ದಿನ ಸಾಂದರ್ಭಿಕ ರಜೆ, ಕೆಲಸದ ಒತ್ತಡಕ್ಕೆ ಒಳಪಟ್ಟು ವಾರಕ್ಕೊಂದು ಬಿಡುವು ಎಂದು ಹೇಳುತ್ತದೆ. ಅದು ನಡೆಯುತ್ತಿದೆಯೇ, ಸ್ಟೈಪೆಂಡ್ ತಿಂಗಳು ತಿಂಗಳು ಖಾತೆಗೆ ಬೀಳುತ್ತಿದೆಯೇ ಎಂಬುದನ್ನೂ ಪಿಜಿಗಳ ಬಾಯಿಂದಲೇ ಕೇಳಿ. ಥೀಸಿಸ್ ಅನ್ನು ಪರೀಕ್ಷೆಗೆ ಆರು ತಿಂಗಳ ಮೊದಲೇ ಒಪ್ಪಿಸಬೇಕಾದ್ದರಿಂದ, ಗೈಡ್ ವಿಷಯವನ್ನು ಮೊದಲ ವರ್ಷದಲ್ಲೇ ಕೊಡುತ್ತಾರೆಯೇ ಎಂದು ತಿಳಿದುಕೊಳ್ಳಿ. ಅದೇ ನಿಯಮಾವಳಿಯಂತೆ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಅದನ್ನು ರಜೆಯೆಂದು ಕಳೆಯಬೇಡಿ. ಸಿಟಿ ಸ್ಕ್ಯಾನ್ ತಡವಾಗುವ, ರಕ್ತ ಎಣಿಸಿ ಬಳಸುವ ಜಾಗದಲ್ಲಿ ಯಾರನ್ನು ಅಲ್ಲೇ ಆಪರೇಷನ್ ಮಾಡಬೇಕು, ಯಾರನ್ನು ಯಾವ ಹೊತ್ತಿಗೆ ಮುಂದಕ್ಕೆ ಕಳಿಸಬೇಕು ಎಂಬ ತೀರ್ಮಾನ ಅಲ್ಲಿಯ ಹಿರಿಯ ಸರ್ಜನ್ನರ ಜೊತೆ ರೌಂಡ್ಸ್ ಮಾಡಿದರೆ ಮಾತ್ರ ಕಲಿಯಲು ಸಿಗುತ್ತದೆ.

ನಮಸ್ಕಾರ.