ಬಿಗ್ ಹೋಲ್ ಕಣಿವೆಯ ಬಣವೆ ಯಂತ್ರ

ಹುಲ್ಲುಗಾವಲಿನ ನಡುವೆ ದೊಡ್ಡ ಜಾರುಬಂಡೆ ಥರ ನಿಲ್ಲೋ ಬಣವೆ ಒಟ್ಟೋ ಯಂತ್ರ ಒಂದಿದೆ. ಹೆಸರು ಬೀವರ್‌ಸ್ಲೈಡ್. ಜಾಗ ಅಮೆರಿಕದ ಮೊಂಟಾನಾದ ಬಿಗ್ ಹೋಲ್ ಕಣಿವೆ, ಊರು ವಿಸ್ಡಮ್. ಆರು ಸಾವಿರ ಅಡಿ ಎತ್ತರ, ನೂರರ ಆಸುಪಾಸು ಜನ. ಜುಲೈನಲ್ಲೂ ಕೆಲವು ರಾತ್ರಿ ನೀರು ಹೆಪ್ಪುಗಟ್ಟೋ ಚಳಿ ಬೀಳುತ್ತೆ, ಹಾಗಾಗಿ ಇಲ್ಲಿ ಬೆಳೆ ಅಂದ್ರೆ ಹುಲ್ಲೇ. ಅದೂ ವರ್ಷಕ್ಕೆ ಒಂದೇ ಕೊಯ್ಲು.

ಮೇ, ಜೂನ್‌ನಲ್ಲಿ ಬೆಟ್ಟದ ಹಿಮ ಕರಗಿದ ನೀರನ್ನ ಕಾಲುವೆಯಿಂದ ಹುಲ್ಲಿಗೆ ಹಾಯಿಸ್ತಾರೆ. ಜುಲೈ ಶುರುವಿನಲ್ಲಿ ನೀರು ನಿಲ್ಲಿಸಿಬಿಡಬೇಕು. ನೆಲ ಆರದಿದ್ರೆ ಕೊಯ್ಯೋ ಯಂತ್ರ ಕೆಸರಲ್ಲಿ ಹೂತುಕೊಳ್ಳುತ್ತೆ.

ಕೊಯ್ದ ಹುಲ್ಲು ಒಣಗಿದ ಮೇಲೆ ಸಾಲು ಮಾಡಿ, ಮುಂದೆ ಉದ್ದುದ್ದ ಹಲ್ಲಿರೋ ಬಂಡಿಯಿಂದ ತಳ್ಳಿಕೊಂಡು ಬಂದು ಬೀವರ್‌ಸ್ಲೈಡಿನ ಬುಡದಲ್ಲಿರೋ ತಟ್ಟಿ ಮೇಲೆ ಹಾಕ್ತಾರೆ. ತಟ್ಟಿಗೆ ಉಕ್ಕಿನ ಹಗ್ಗ, ಹಗ್ಗಕ್ಕೆ ರಾಟೆ. ಮೊದಲು ಕುದುರೆ ಎಳೀತಿತ್ತು, ಈಗ ಟ್ರಾಕ್ಟರ್. ತಟ್ಟಿ ಇಳಿಜಾರಿನ ಮೇಲೆ ಸುಮಾರು 30 ಅಡಿ ಹತ್ತಿ, ತುದಿಯಲ್ಲಿ ಮಗುಚಿ ಹುಲ್ಲನ್ನ ಆಚೆ ಕೆಡವುತ್ತೆ. ನಿಧಾನಕ್ಕೆ ಎಳೆದ್ರೆ ಹುಲ್ಲು ಈಚೆ ಅಂಚಲ್ಲೇ ಬೀಳುತ್ತೆ, ಜೋರಾದ್ರೆ ನಡು ದಾಟಿ ಹಾರುತ್ತೆ. ಚಾಲಕನ ಕೈ ಪಳಗೋದು ಇಲ್ಲೇ. 1908ರಲ್ಲಿ ಈ ಯಂತ್ರವನ್ನ ಇದೇ ಕಣಿವೆಯ ಇಬ್ಬರು ದನ ಸಾಕೋರು ಹುಟ್ಟಿಸಿದ್ದು, 1910ರಲ್ಲಿ ಪೇಟೆಂಟ್ ಸಿಕ್ತು.

ಬಣವೆ ಕೆಡೋದು ಮಾತ್ರ ಯಂತ್ರದಿಂದಲ್ಲ, ಮೇಲೆ ನಿಂತೋರಿಂದ. ಕವೆಗೋಲು ಹಿಡಿದೋರು ಅಂಚಿಗಿಂತ ನಡುವನ್ನ ಯಾವಾಗಲೂ ಎತ್ತರವಾಗಿಟ್ಟು ತುಳೀತಾ ಇರಬೇಕು. ಸಡಿಲ ಹುಲ್ಲು ವಾರಗಟ್ಟಲೆ ಕುಸಿಯುತ್ತೆ. ನಡು ತಗ್ಗಿದ್ರೆ ಬಣವೆ ಬಟ್ಟಲಾಗಿ, ಮಳೆ ಹಿಮದ ನೀರೆಲ್ಲ ಹೊಟ್ಟೆಗೆ ಇಳಿದು ಬೂಸ್ಟು ಹಿಡಿಯುತ್ತೆ. ನಮ್ಮಲ್ಲಿ ಬಣವೆಗೆ ನೆತ್ತಿ ಕಟ್ಟೋದೂ ಇದೇ ಕಾರಣಕ್ಕೆ ತಾನೇ. ಹಸಿ ಹುಲ್ಲು ಒಟ್ಟಿದ್ರೆ ಇನ್ನೂ ಅಪಾಯ: ಒಳಗೇ ಕಾವು ಏರಿ ಬೆಂಕಿ ಹತ್ತಬಹುದು. ನೆತ್ತಿ ಚೆನ್ನಾಗಿದ್ರೆ ಎರಡು ಮೂರು ವರ್ಷ ಏನೂ ಆಗಲ್ಲ; ಮೇಲಿನ ಪದರ ಕಂದಿದ್ರೂ ಒಳಗೆ ಹಸಿರು ಹಾಗೇ.

ಒಂದು ಬಣವೆ 20 ಟನ್ ಅಂತ ಇಟ್ಕೊಳ್ಳಿ. ಹಸುವಿಗೆ ದಿನಕ್ಕೆ 12 ಕಿಲೋ ಹುಲ್ಲು, 300 ಹಸುವಿಗೆ 3.6 ಟನ್. ಐದೂವರೆ ದಿನಕ್ಕೆ ಬಣವೆ ಖಾಲಿ! ಐದು ತಿಂಗಳ ಚಳಿಗಾಲಕ್ಕೆ 27 ಬಣವೆಯಾದ್ರೂ ಬೇಕು. ಒಂದು ಬಣವೆ ಒಟ್ಟಿ ಮುಗಿದ ಕೂಡಲೇ ಯಂತ್ರವನ್ನ ಎಳ್ಕೊಂಡು ಮುಂದಿನ ಜಾಗಕ್ಕೆ ಹೋಗ್ತಾರೆ, ಬಣವೆ ಸುತ್ತ ಬೇಲಿ ಬೀಳುತ್ತೆ. ಇಲ್ಲದಿದ್ರೆ ಎಲ್ಕ್ ಜಿಂಕೆಗಳ ಪಾಲು.

ಜನವರಿಯಲ್ಲಿ ಡೀಸೆಲ್ ಗಟ್ಟಿಯಾಗೋ ಚಳಿಗೆ ಟ್ರಾಕ್ಟರ್ ಮುಷ್ಕರ ಹೂಡುತ್ತೆ. ಆಗ ಕೆಲವು ಮನೆಗಳಲ್ಲಿ ಇನ್ನೂ ಜೋಡಿ ಕುದುರೆಯ ಹಿಮಬಂಡಿಯೇ. ಲಗಾಮು ಕಟ್ಟಿಟ್ರೆ ಕುದುರೆ ತಾವಾಗೇ ನಡೀತಾವೆ, ಒಬ್ಬನೇ ಹಿಂದೆ ನಿಂತು ದನಗಳಿಗೆ ಹುಲ್ಲು ಕೆಡವುತ್ತಾ ಹೋಗಬಹುದು.