ಕ್ಯಾನ್ಸರ್ ಚಿಕಿತ್ಸೆ ಶುರುವಾದ ಮೇಲೆ ಏನೇನಾಗುತ್ತದೆ?

[ದೃಶ್ಯ: ಮಂಗಳೂರು ಬಳಿಯ ಆಸ್ಪತ್ರೆಗಳ ಊರು ದೇರಳಕಟ್ಟೆಯ ರಸ್ತೆ. ಕೈಯಲ್ಲಿ ಫೈಲು ಹಿಡಿದು ಬಸ್ಸಿನಿಂದ ಇಳಿಯುತ್ತಿರುವ ಜನ.]

ನಮಸ್ಕಾರ. ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ವರದಿ ಬಂದ ದಿನ ಮನೆಯವರೆಲ್ಲ ಕೇಳುವುದು ಒಂದೇ ಮಾತು: ಗುಣವಾಗುತ್ತದೆಯೇ? ಅದಕ್ಕೆ ಉತ್ತರ ಹೇಳಬೇಕಾದವರು ನಿಮ್ಮ ವೈದ್ಯರು. ಆ ಪ್ರಶ್ನೆಯ ನಂತರ ಬರುವ ವಾರಗಳ ಬಗ್ಗೆ ಇಂದು ಮಾತನಾಡೋಣ. ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿ ನಮ್ಮ ಕರಾವಳಿಯಲ್ಲಿ ಮನೆಮನೆಗೆ ಗೊತ್ತು. ಹಾಗಾಗಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನಿಂದಲೇ ಹೆಚ್ಚು ಉದಾಹರಣೆ ಕೊಡುತ್ತೇನೆ.

ಬಯಾಪ್ಸಿ ಮಾಡಿದರೆ ಗಡ್ಡೆ ಹರಡುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯದೆ ಯಾವ ವೈದ್ಯರೂ ಚಿಕಿತ್ಸೆಯ ಯೋಜನೆ ಹಾಕಲಾರರು. ವರದಿ ಮತ್ತು ಸ್ಕ್ಯಾನ್ ಕೈಗೆ ಬಂದ ಮೇಲೆ ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ: ಡಾಕ್ಟ್ರೇ, ಈ ಚಿಕಿತ್ಸೆ ಕಾಯಿಲೆಯನ್ನು ಪೂರ್ತಿ ಹೋಗಲಾಡಿಸಲಿಕ್ಕೋ, ಹತೋಟಿಯಲ್ಲಿಟ್ಟು ನೋವು ತಗ್ಗಿಸಲಿಕ್ಕೋ? ಮನೆಯವರು ಮಾಡಬೇಕಾದ ಎಲ್ಲ ಸಿದ್ಧತೆಯೂ ಆ ಉತ್ತರದ ಮೇಲೆ ನಿಂತಿದೆ.

ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ. ಗಡ್ಡೆಯ ಜೊತೆ ಸುತ್ತಲಿನ ಸ್ವಲ್ಪ ಆರೋಗ್ಯವಂತ ಭಾಗವನ್ನೂ, ಹಲವು ಸಲ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುತ್ತಾರೆ. ದವಡೆಯ ಎಲುಬು ಹೋದರೆ ಕಾಲಿನ ಎಲುಬಿನಿಂದ ಹೊಸದಾಗಿ ಕಟ್ಟುವುದುಂಟು. ಕೆಲವು ದಿನ ಮೂಗಿನ ಕೊಳವೆಯ ಮೂಲಕ ಆಹಾರ. ತೆಗೆದ ಭಾಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಬಳಿಕವೇ ರೇಡಿಯೇಶನ್, ಅಂದರೆ ಕ್ಯಾನ್ಸರ್ ಕೋಶಗಳನ್ನು ಸಾಯಿಸುವ ವಿಕಿರಣ ಚಿಕಿತ್ಸೆ, ಬೇಕೇ ಎಂಬುದು ತೀರ್ಮಾನವಾಗುತ್ತದೆ. ಬೇಕೆಂದರೆ ಶಸ್ತ್ರಚಿಕಿತ್ಸೆಯಾಗಿ ಸುಮಾರು 6 ವಾರಗಳೊಳಗೆ ಶುರುವಾದರೆ ಒಳ್ಳೆಯದು. ‘ಆಪರೇಷನ್ ಆಯಿತಲ್ಲ, ಇನ್ನು ಮಳೆಗಾಲ ಮುಗಿಯಲಿ’ ಎಂದು ಮುಂದೂಡಬೇಡಿ.

[ದೃಶ್ಯ: ರೇಡಿಯೇಶನ್ ಯಂತ್ರದ ರೇಖಾಚಿತ್ರ, ಮುಖಕ್ಕೆ ಹಾಕುವ ಬಲೆಯಂಥ ಮುಖವಾಡ.]

ಕರೆಂಟ್ ಕೊಡುತ್ತಾರೆ ಎಂದು ಜನ ಹೆದರುವುದು ಈ ರೇಡಿಯೇಶನ್‌ಗೇ. ಶಾಕ್ ಹೊಡೆಯುವುದಿಲ್ಲ, ಸುಡುವ ಅನುಭವವೂ ಆಗುವುದಿಲ್ಲ. ಮೊದಲು ಹಲ್ಲಿನ ವೈದ್ಯರ ಬಳಿ ಕಳುಹಿಸುತ್ತಾರೆ. ಕೆಟ್ಟ ಹಲ್ಲನ್ನು ಆಗಲೇ ಕೀಳಿಸಿಕೊಳ್ಳಬೇಕು, ರೇಡಿಯೇಶನ್ ಆದ ದವಡೆಯಲ್ಲಿ ಕಿತ್ತ ಗಾಯ ಸುಲಭವಾಗಿ ಮಾಯುವುದಿಲ್ಲ. ತಲೆ ಅಲುಗಾಡದಿರಲು ನಿಮ್ಮ ಮುಖದ ಅಳತೆಗೇ ಮುಖವಾಡ ತಯಾರಿಸುತ್ತಾರೆ. ಆಮೇಲೆ ವಾರಕ್ಕೆ 5 ದಿನ, 6ರಿಂದ 7 ವಾರ. ಪ್ರತಿದಿನ ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಹೊರಗಿನ ಯಂತ್ರದಿಂದ ಕೊಡುವ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದು ಮೊಮ್ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ.

ಮೊದಲ ವಾರ ಸಲೀಸು. ಎರಡು, ಮೂರನೆಯ ವಾರದಲ್ಲಿ ಬಾಯಿಯೊಳಗೆ ಹುಣ್ಣು ಏಳುತ್ತದೆ, ಎಂಜಲು ಅಂಟಂಟಾಗುತ್ತದೆ, ರುಚಿ ಹೋಗುತ್ತದೆ, ಕುತ್ತಿಗೆ ಕಪ್ಪಾಗುತ್ತದೆ. ಕೊನೆಯ ವಾರಗಳಲ್ಲಿ ಇದೆಲ್ಲ ಉಲ್ಬಣಿಸಿ, ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಹಾಗೆಯೇ ಇದ್ದು, ನಂತರ ನಿಧಾನವಾಗಿ ಇಳಿಯುತ್ತದೆ. ‘ಇನ್ನು ನನ್ನಿಂದಾಗದು’ ಎಂದು ರೋಗಿ ಅನ್ನುವುದು ಈ ಘಟ್ಟದಲ್ಲಿಯೇ. ಈ ವಿಡಿಯೋ ಮಾಡಿದ್ದೂ ಅದಕ್ಕಾಗಿಯೇ: ನಡುವೆ ಬಿಡಬೇಡಿ. ಬಿಡುವು ಸಿಕ್ಕಷ್ಟೂ ಉಳಿದ ಕ್ಯಾನ್ಸರ್ ಕೋಶಗಳು ವೇಗವಾಗಿ ಬೆಳೆಯುತ್ತವೆ, ಅಲ್ಲಿಯವರೆಗೆ ಪಟ್ಟ ಕಷ್ಟದ ಫಲವೂ ಕಡಿಮೆಯಾಗುತ್ತದೆ. ಹುಣ್ಣಿನ ನೋವಿಗೆ ಬಲವಾದ ಔಷಧವಿದೆ, ಕೇಳಿ ಪಡೆಯಿರಿ. ಕುಂದಾಪುರದಿಂದ ಮಣಿಪಾಲಕ್ಕೋ ಬೆಳ್ತಂಗಡಿಯಿಂದ ಮಂಗಳೂರಿಗೋ ದಿನವೂ ಬಸ್ಸಿನಲ್ಲಿ ಓಡಾಡುವುದು ಆಗದು ಅನಿಸಿದರೆ, ಹತ್ತಿರ ಉಳಿಯುವ ಏರ್ಪಾಡಿನ ಬಗ್ಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ವಿಚಾರಿಸಿ.

ಊಟದ ಬಗ್ಗೆ ನನಗೆ ಇನ್ನೂ ಹೆಚ್ಚಿನ ಕಳವಳ. ಕಾಯಿಲೆ ಎಂದ ಕೂಡಲೇ ನಮ್ಮವರು ಪಥ್ಯ ಶುರು ಮಾಡುತ್ತಾರೆ: ಮೀನು ಬೇಡ, ಮೊಟ್ಟೆ ಬೇಡ, ಬರೀ ಗಂಜಿ ತಿಳಿ. ಗಾಯ ಮಾಯಲು ಪ್ರೊಟೀನ್ ಬೇಕಾದ ಹೊತ್ತಿನಲ್ಲಿ ಅದನ್ನೇ ನಿಲ್ಲಿಸುವುದು ಅನ್ಯಾಯ. ಕುಚ್ಚಲಕ್ಕಿ ಗಂಜಿಯನ್ನು ರುಬ್ಬಿ, ಹೆಸರುಬೇಳೆ ಸೇರಿಸಿ, ತುಪ್ಪ ಹಾಕಿ ಕೊಡಿ. ಚೆನ್ನಾಗಿ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದು ಖಾರವಿಲ್ಲದೆ ಬೇಯಿಸಿದ ಮೀನು ನುಂಗಲು ಆಗುವಷ್ಟು ದಿನ ಕೊಡಿ. ಆಗದಿದ್ದರೆ ಕೊಳವೆ ಹಾಕಿಸಿಕೊಳ್ಳುವುದು ಸೋಲಲ್ಲ, ತೂಕ ಉಳಿಸಿಕೊಳ್ಳುವ ದಾರಿ.

[ದೃಶ್ಯ: ಡ್ರಿಪ್ ಹಾಕಿಸಿಕೊಳ್ಳುತ್ತಿರುವ ಕೈ. ನಂತರ ಥರ್ಮಾಮೀಟರ್.]

ರೇಡಿಯೇಶನ್ ಜೊತೆ ಸಿಸ್‌ಪ್ಲಾಟಿನ್ ಎಂಬ ಕಿಮೋ, ಅಂದರೆ ಕ್ಯಾನ್ಸರ್ ಕೋಶಗಳನ್ನು ಸಾಯಿಸುವ ಔಷಧ, ಕೊಡುವುದು ಸಾಮಾನ್ಯ. ಬೇರೆ ಕ್ಯಾನ್ಸರುಗಳಿಗೆ ಬಹಳ ಸಲ 3 ವಾರಕ್ಕೊಮ್ಮೆ ಕಿಮೋ ಇರುತ್ತದೆ. ವಾಂತಿ ತಡೆಯುವ ಔಷಧವನ್ನು ಮುಂಚಿತವಾಗಿಯೇ ಕೊಡುತ್ತಾರೆ. ಕೂದಲು ಎಲ್ಲ ಔಷಧಕ್ಕೂ ಉದುರುವುದಿಲ್ಲ, ಉದುರಿದರೂ ಹೆಚ್ಚಿನವರಿಗೆ ಮತ್ತೆ ಬರುತ್ತದೆ. ನಿಜವಾಗಿ ಎಚ್ಚರ ಬೇಕಾದದ್ದು ಜ್ವರದ ವಿಷಯದಲ್ಲಿ. ಕಿಮೋ ಆಗಿ 7ರಿಂದ 14 ದಿನಗಳ ನಡುವೆ ಸಾಮಾನ್ಯವಾಗಿ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಜ್ವರದ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ. ಇಷ್ಟೊಂದು ಒತ್ತಿ ಹೇಳಲು ಕಾರಣ, ಆ ಕೆಲವು ಗಂಟೆಗಳಲ್ಲಿ ಸೋಂಕು ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು.

ಸ್ತನ ಕ್ಯಾನ್ಸರಿನ ಕೆಲವು ಬಗೆಗಳಿಗೆ ಟಮಾಕ್ಸಿಫೆನ್‌ನಂಥ, ಹಾರ್ಮೋನಿನ ಪ್ರಭಾವ ತಡೆಯುವ ಮಾತ್ರೆಯನ್ನು 5ರಿಂದ 10 ವರ್ಷ ದಿನವೂ ನುಂಗಬೇಕಾಗುತ್ತದೆ. ಗಡ್ಡೆಯ ನಿರ್ದಿಷ್ಟ ಗುಣಕ್ಕೆ ಗುರಿಯಿಟ್ಟ ಔಷಧಗಳೂ, ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಇಮ್ಯುನೋಥೆರಪಿಯೂ ಈಗ ಇವೆ. ಎಲ್ಲರಿಗೂ ಹೊಂದುವುದಿಲ್ಲ, ಬೆಲೆಯೂ ಹೆಚ್ಚು. ಈ ಔಷಧಗಳು ನಿಮ್ಮ ಗಡ್ಡೆಗೆ ಹೊಂದುತ್ತವೆಯೇ ಎಂಬ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿಕೊಳ್ಳಿ.

ಹಣದ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾದೀತು. ಮಂಗಳೂರಿನವರು ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲಿ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ, ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿಡಿ.

ಚಿಕಿತ್ಸೆ ಮುಗಿದ ಮೇಲೆ ಬಾಯಿ ತೆರೆಯುವ ವ್ಯಾಯಾಮವನ್ನು ತಿಂಗಳುಗಟ್ಟಲೆ ಬಿಡದೆ ಮಾಡಬೇಕು, ಇಲ್ಲವಾದರೆ ದವಡೆ ಬಿಗಿಯುತ್ತದೆ. ಮೊದಲ ಎರಡು ವರ್ಷ ಕೆಲವು ತಿಂಗಳಿಗೊಮ್ಮೆ ತಪಾಸಣೆ ತಪ್ಪಿಸಬಾರದು. ಅಡಿಕೆ ಬೆಳೆಯುವ ಊರಿನವರಾಗಿ ಮುಂದಿನ ಮಾತು ಹೇಳುವುದು ಸುಲಭವಲ್ಲ, ಆದರೂ ಹೇಳಬೇಕು. ಹೊಗೆಸೊಪ್ಪು ಇಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಹೇಳಿದೆ. ಗುಣವಾದವರು ಎಲೆ ಅಡಿಕೆಯ ಹರಿವಾಣಕ್ಕೆ ಮತ್ತೆ ಕೈ ಹಾಕಬಾರದು. ಮನೆಯ ಉಳಿದವರು ಅವರ ಮುಂದೆ ಅದನ್ನು ಇಡಲೂಬಾರದು.